ಚಿಲಿಯ ವೈನು, ಬ್ಯಾಡಗಿಯ ಮೆಣಸಿನಕಾಯಿ (ಭಾಗ 7)

ಮೊದಲೇ ಹೇಳಿಬಿಡ್ತೀನಿ, ನಾನು ವೈನ್ ರುಚಿ ನೋಡಿಲ್ಲ. ಅಪ್ಪಾಜಿ ಈ ಅಕೌಂಟ್ ಫಾಲೋ ಮಾಡ್ತಾರ, ಹಂಗಾಗಿ ಕ್ಲಿಯರ್ ಮಾಡಿದೆ. ಆದ್ರ ದಕ್ಷಿಣ ಅಮೆರಿಕದ ಚಿಲಿ ದೇಶದ ಕೆಂಪು ವೈನಿನ ಕಥೆ ಓದಿದ ಮ್ಯಾಲೆ ನಮ್ಮೂರ ಮಾರ್ಕೆಟ್ ನನಗ ಬ್ಯಾರೇನೇ ಕಾಣಾಕತ್ತೈತಿ.

ಕೆಂಪು ವೈನ್ ಎಷ್ಟೋ ಸಲ ಒಂದೇ ದ್ರಾಕ್ಷಿಯದ್ದಲ್ಲ, ಬ್ಲೆಂಡ್. ಕ್ಯಾಬರ್ನೆ ತಳಿ ಒಗರು ಕೊಡ್ತೈತಿ, ಮೆರ್ಲೋ ಮೆತ್ತಗಿನ ರುಚಿ ಕೊಡ್ತೈತಿ. 19ನೇ ಶತಮಾನದ ನಡುವೆ ಈ ಬಳ್ಳಿಗಳು ಫ್ರಾನ್ಸಿನ ಬೋರ್ಡೋದಿಂದ ಚಿಲಿಗೆ ಹೋದವು. ಜೊತೆಗೆ ಕಾರ್ಮೆನೇರ್ ಅನ್ನೋ ಇನ್ನೊಂದು ತಳಿನೂ ಹೋಯ್ತು. ನೋಡಾಕ ಮೆರ್ಲೋ ಹಂಗೇ. ಆಮೇಲೆ ಬೇರು ತಿನ್ನೋ ಫಿಲಾಕ್ಸೆರಾ ಹುಳ ಫ್ರಾನ್ಸಿನ ತೋಟಗಳನ್ನ ಹಾಳು ಮಾಡ್ತು. ಮತ್ತೆ ನೆಟ್ಟಾಗ ಅಲ್ಲಿ ಕಾರ್ಮೆನೇರನ್ನ ಹೆಚ್ಚುಕಡಿಮೆ ಯಾರೂ ಹಾಕಲಿಲ್ಲ. ಚಿಲಿಯಲ್ಲಿ ಮಾತ್ರ ಅದು ಮೆರ್ಲೋ ಹೆಸರಿನಾಗ ನೂರು ವರ್ಷಕ್ಕೂ ಹೆಚ್ಚು ಬದುಕಿತು.

ಆದ್ರ ಅದು ಹಣ್ಣಾಗೋದು ಮೆರ್ಲೋಗಿಂತ ವಾರಗಟ್ಟಲೆ ತಡ. ಎರಡನ್ನೂ ಒಟ್ಟಿಗೇ ಕೊಯ್ದರೆ ವೈನಿನಾಗ ಒಂದು ಹಸಿ ವಾಸನೆ. ಯಾವುದರದು ಅಂತೀರಿ? ದೊಣ್ಣಮೆಣಸಿನಕಾಯಿದು! ಎರಡರಾಗೂ ಆ ವಾಸನೆಯ ರಾಸಾಯನಿಕ ಒಂದೇ ಜಾತಿದು. ಕೊನೆಗೆ 1994ರಲ್ಲಿ ಫ್ರಾನ್ಸಿನ ತಜ್ಞ ಝಾನ್ ಮಿಷೆಲ್ ಬೂರ್ಸಿಕೋ ಮೈಪೋ ಕಣಿವೆಯ ತೋಟವೊಂದರಾಗ ಬಳ್ಳಿ ನೋಡಿ, ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಅಂತ ಗುರುತಿಸಿದರು. 1998ರಲ್ಲಿ ಚಿಲಿ ಸರ್ಕಾರನೂ ಒಪ್ಪಿತು. ಈಗ ಅದು ಆ ದೇಶದ ಗುರುತು.

ಈಗ ನಮ್ಮೂರಿಗೆ ಬರ್ರಿ. ಮೆಣಸಿನಕಾಯಿನೂ ಅಮೆರಿಕದ ಕಡೆಯಿಂದಲೇ ಬಂದದ್ದು. 16ನೇ ಶತಮಾನದಾಗ ಪೋರ್ಚುಗೀಸರು ಗೋವಾಕ್ಕೆ ತಂದರು. ಅಲ್ಲಿ ತನಕ ನಮಗ ಖಾರ ಅಂದ್ರ ಕಾಳುಮೆಣಸು. ಹೊಸದಕ್ಕೂ ಅದರ ಹೆಸರನ್ನೇ ಹಚ್ಚಿ ಮೆಣಸಿನಕಾಯಿ ಅಂದುಬಿಟ್ವಿ. (ಚಿಲಿ ದೇಶಕ್ಕೂ ಚಿಲ್ಲಿ ಅನ್ನೋ ಪದಕ್ಕೂ ನಂಟಿಲ್ಲ. ಆ ಪದ ಮೆಕ್ಸಿಕೋದ ನಾವಾಟಲ್ ಭಾಷೆದು. ನಾನೂ ಮೋಸ ಹೋಗಿದ್ದೆ.)

ನಮ್ಮ ಬ್ಯಾಡಗಿಯೊಳಗೂ ಎರಡು ತರ: ದುಂಡಗಿನ ಡಬ್ಬಿ, ಸುಕ್ಕು ಸುಕ್ಕಾದ ಉದ್ದನ ಕಡ್ಡಿ. ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗ್ತೈತಿ. ಅವ್ವ ಗಿರಣಿಗೆ ಕಳಿಸುವಾಗ ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು ಅಂತ ಅಳತಿ ಮಾಡಿ ಕೂಡಿಸ್ತಾಳ. ಇದೂ ಬ್ಲೆಂಡೇ ಅಲ್ಲೇನ್ರಿ?

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ತು. ಕಾಮರ್ಸ್ ಓದೋರಿಗೆ ಇದು ಬ್ರ್ಯಾಂಡ್ ವ್ಯಾಲ್ಯೂ ಪಾಠ. ಆದ್ರ ಸೋಮವಾರ, ಗುರುವಾರ ಮಾರ್ಕೆಟ್‌ಗೆ ಹೋಗಿ ನೋಡ್ರಿ. ಎಷ್ಟೋ ಚೀಲ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನ ಕಡೆಯವು, ಹೈಬ್ರಿಡ್ ಬೀಜದವು. ಅವರ ತಪ್ಪೇನಿಲ್ಲ, ದೊಡ್ಡ ಮಾರ್ಕೆಟ್ ಇದ್ದಲ್ಲಿಗೆ ಮಾಲು ಬರ್ತೈತಿ. 2024ರ ಮಾರ್ಚ್ 11ರಂದು ದರ ಬಿದ್ದು ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನ ಸುಟ್ಟದ್ದು ನಿಮಗೆಲ್ಲ ನೆನಪೈತಿ. ಅಂದ್ರ ಚಿಲಿಯೊಳಗೆ ಒಂದು ಬೆಳೆ ಪರರ ಹೆಸರಿನಾಗ ಅಡಗಿತ್ತು. ನಮ್ಮಲ್ಲಿ ಪರರ ಬೆಳೆ ನಮ್ಮ ಹೆಸರಿನಾಗ ಬರಾಕತ್ತೈತಿ, ನಮ್ಮ ಬೆಳೆ ಹೊಲದಿಂದ ಹೊಂಟೈತಿ. ಇಳುವರಿ ಕಡಿಮೆ, ರೋಗ ಜಾಸ್ತಿ, ಮಳೆ ನಂಬಂಗಿಲ್ಲ. ನಮ್ಮ ಹೊಲದಾಗೂ ಈಗ ಗೋವಿನಜೋಳನೇ.

ಅಜ್ಜ ಮಾತ್ರ ಹಿತ್ತಲದಾಗ ಒಂದು ಸಾಲು ಡಬ್ಬಿ ಹಾಕ್ತಾನ, ಬೀಜ ತಾನೇ ತೆಗೆದಿಡ್ತಾನ. ಮೊನ್ನೆ ಮಾರ್ಕೆಟ್‌ನಿಂದ ತಂದ ಹೈಬ್ರಿಡ್ ಕಾಯಿ ಅದರ ಜೊತೆ ಕಲಸಿ ಅವನ ಮುಂದಿಟ್ಟೆ. ಒಂದೊಂದೇ ಮುಟ್ಟಿ, ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿ ಬ್ಯಾರೆ ಮಾಡಿಟ್ಟ. ಮೂರನೇ ಫೋಟೋದಾಗ ಎರಡೂ ಅದಾವ. ಎಡಗಡೆದು ಯಾವುದು, ಬಲಗಡೆದು ಯಾವುದು? ನನಗಂತೂ ಗೊತ್ತಾಗಲಿಲ್ಲ.