ಲೆಸ್ತಾಕ್: ಹೆಂಚು, ಕಡಲೆಹಿಟ್ಟು ಮತ್ತು ಮರೆತುಹೋದ ಒಂದು ಮಾತು

ಚರಿತ್ರೆ ಎಂದರೆ ರಾಜರ ಹೆಸರು ಮತ್ತು ಯುದ್ಧದ ಇಸವಿ ಎಂದು ನಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ. ಪ್ರಶ್ನೆಪತ್ರಿಕೆ ಹಾಗಿರುವಾಗ ಅವರಾದರೂ ಏನು ಮಾಡಿಯಾರು? ಆದರೆ ಜನರು ಏನು ತಿಂದರು, ಎಂಥ ಮಾಡಿನ ಕೆಳಗೆ ಮಲಗಿದರು, ಮನೆಯಲ್ಲಿ ಯಾವ ಭಾಷೆ ಆಡಿದರು ಎಂಬುದೂ ಚರಿತ್ರೆಯೇ. ಈ ಸಲ ಆ ಬಗೆಯ ಚರಿತ್ರೆಯನ್ನು ಹುಡುಕಿಕೊಂಡು ಭೂಪಟದಲ್ಲಿ ಸ್ವಲ್ಪ ದೂರ, ಮೆಡಿಟರೇನಿಯನ್ ಸಮುದ್ರದ ದಡಕ್ಕೆ ಹೋಗೋಣ. ಊರಿನ ಹೆಸರು ಲೆಸ್ತಾಕ್. ಫ್ರಾನ್ಸ್ ದೇಶದ ದೊಡ್ಡ ಬಂದರು ನಗರ ಮಾರ್ಸೇಲ್ಸಿನ ವಾಯವ್ಯ ಅಂಚಿನಲ್ಲಿರುವ ಕಡಲ ಬದಿಯ ಬಡಾವಣೆ ಅದು.

ಮಾರ್ಸೇಲ್ಸ್ ಸುಮಾರು 2600 ವರ್ಷ ಹಳೆಯ ನಗರ. ಕ್ರಿ.ಪೂ. 600ರ ಸುಮಾರಿಗೆ ಏಷ್ಯಾ ಮೈನರಿನ ಫೋಕಾಯಿಯಾ ಎಂಬ ಗ್ರೀಕ್ ಪಟ್ಟಣದ ನಾವಿಕರು ಬಂದು ನೆಲೆ ನಿಂತ ಜಾಗ. ಅದರ ಹಳೆ ಬಂದರಿನಿಂದ ಹೊರಟರೆ ಲೆಸ್ತಾಕಿಗೆ ಸುಮಾರು 10 ಕಿಲೋಮೀಟರ್. ಬಸ್ಸಿದೆ, ರೈಲಿದೆ, ಬೇಸಿಗೆಯ ತಿಂಗಳುಗಳಲ್ಲಿ ದೋಣಿಯೂ ಇದೆ. ಒಂದು ಕಡೆ ಬಿಳಿ ಸುಣ್ಣಕಲ್ಲಿನ ಗುಡ್ಡ, ಇನ್ನೊಂದು ಕಡೆ ನೀಲಿ ಕೊಲ್ಲಿ, ನಡುವೆ ಕೆಂಪು ಹೆಂಚಿನ ಮನೆಗಳು. ಬೇಸಿಗೆಯಲ್ಲಿ ಒಣ ಬಿಸಿಲು, ಮಳೆಯೆಲ್ಲ ಹೆಚ್ಚಾಗಿ ತಂಪು ತಿಂಗಳುಗಳಲ್ಲಿ. ಭೂಗೋಳದ ಪಾಠದಲ್ಲಿ ನಾವು ಹೇಳಿಕೊಡುವ ಮೆಡಿಟರೇನಿಯನ್ ವಾಯುಗುಣ ಇದೇ. ಸಂಜೆಯಾದರೆ ಜನ ದಡದ ಗೋಡೆಯ ಮೇಲೆ ಕುಳಿತು, ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ತಿಂಡಿ ಹಿಡಿದುಕೊಂಡು, ದೋಣಿಗಳನ್ನು ನೋಡುತ್ತ ಕಾಲ ಕಳೆಯುತ್ತಾರೆ. ಯಾರಿಗೂ ಅವಸರವಿಲ್ಲ. ವಯಸ್ಸಾದವರು ಕಬ್ಬಿಣದ ಗುಂಡು ಎಸೆಯುವ ಪೆತಾಂಕ್ ಎಂಬ ಆಟ ಆಡುತ್ತಾರೆ.

ಆ ಪೊಟ್ಟಣದಲ್ಲಿ ಇರುವುದೇನು ಎಂದು ಕೇಳಿದರೆ ನಮ್ಮ ಅಮ್ಮಂದಿರಿಗೆ ನಗು ಬಂದೀತು. ಕಡಲೆಹಿಟ್ಟಿನ ಪೋಡಿ!

ಪಾನಿಸ್ ಮಾಡುವ ಬಗೆ

ಲೆಸ್ತಾಕಿನ ಹೆಸರಾಂತ ತಿಂಡಿಗಳು ಎರಡು. ಮೊದಲನೆಯದು ಪಾನಿಸ್. ಒಂದು ಲೀಟರ್ ನೀರಿಗೆ ಸುಮಾರು ಕಾಲು ಕಿಲೋ ಕಡಲೆಹಿಟ್ಟು, ಉಪ್ಪು, ಒಂದೆರಡು ಚಮಚ ಆಲಿವ್ ಎಣ್ಣೆ. ಗಂಟು ಕಟ್ಟದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತ ಗಟ್ಟಿ ಮಾಡಬೇಕು. ನಮ್ಮಲ್ಲಿ ಹಾಲುಬಾಯಿಗೆ ಮಗುಚಿದ ಹಾಗೆ. ಆಮೇಲೆ ಕೊಳವೆಯಂಥ ಅಚ್ಚಿಗೋ ಬಸಿಗೋ ಸುರಿದು ಪೂರ್ತಿ ತಣಿಯಲು ಬಿಡುವುದು. ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಕೊಯ್ದು ಎಣ್ಣೆಯಲ್ಲಿ ಕರಿದು, ಮೇಲೆ ಉಪ್ಪು, ಕಾಳುಮೆಣಸಿನ ಪುಡಿ. ಹೊರಗೆ ಗರಿಗರಿ, ಒಳಗೆ ಮೆದು. ಬಳಸುವುದು ನಾವು ಕಾಬೂಲಿ ಕಡಲೆ ಎನ್ನುವ ದಪ್ಪ ಬಿಳಿ ಜಾತಿಯ ಹಿಟ್ಟು. ನಮ್ಮ ಬಜ್ಜಿಯ ಹಿಟ್ಟು ಸಣ್ಣ ಕಂದು ಕಡಲೆಯ ಬೇಳೆಯದು. ಎರಡೂ ಒಂದೇ ಬಳಗದ ಕಾಳು.

ಎರಡನೆಯದರ ಹೆಸರು ಶಿಶಿ ಫ್ರೇಜಿ. ಹೆಸರು ಕೇಳಿ ಯಾರೂ 'ಶೀ' ಎನ್ನಬೇಡಿ! ಕಿತ್ತಳೆ ಹೂವಿನ ನೀರಿನ ಪರಿಮಳ ಸೇರಿಸಿದ ಮೈದಾ ಹಿಟ್ಟನ್ನು ಉದ್ದಕ್ಕೆ ಎಣ್ಣೆಗೆ ಇಳಿಸಿ, ಕರಿದು, ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಾರೆ. ಮಕ್ಕಳಿಗೆ ಬಲು ಇಷ್ಟ.

ಇನ್ನು ಮೀನಿನ ಮಾತು. ಸಾರ್ಡೀನ್ ಅಲ್ಲಿಯ ಬಡವರ ಮೀನು, ನಮ್ಮ ಭೂತಾಯಿಯ ಹಾಗೆ. ಮಾರ್ಸೇಲ್ಸಿನ ಹೆಸರಿನೊಂದಿಗೆ ಜಗತ್ತಿಗೆಲ್ಲ ಗೊತ್ತಾದ ಬೂಯಾಬೆಸ್ ಎಂಬ ಮೀನಿನ ಸಾರು ಕೂಡ ಹುಟ್ಟಿದ್ದು ಮಾರಾಟವಾಗದೆ ಉಳಿದ, ಮುಳ್ಳು ತುಂಬಿದ ಬಂಡೆ ಮೀನುಗಳಿಂದ. ಮೀನುಗಾರರು ದಡದಲ್ಲೇ ಬೇಯಿಸಿಕೊಳ್ಳುತ್ತಿದ್ದ ಸಾರು ಇಂದು ದೊಡ್ಡ ಹೋಟೆಲುಗಳಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ಅದರಲ್ಲಿ ಯಾವ ಮೀನು ಇರಬೇಕು ಎಂಬುದಕ್ಕೆ 1980ರಲ್ಲಿ ಅಲ್ಲಿಯ ಹೋಟೆಲಿನವರು ಒಂದು ನಿಯಮಪತ್ರವನ್ನೇ ಬರೆದುಕೊಂಡರು. ಬಡವನ ಗಂಜಿಗೆ ಬೆಳ್ಳಿಯ ಬಟ್ಟಲು ಸಿಕ್ಕ ಹಾಗೆ!

ಪಾನಿಸ್ ಕೂಡ ಬಡವರ ತಿಂಡಿಯೇ. ಅದು ಮಾರ್ಸೇಲ್ಸಿನಲ್ಲಿ ಹುಟ್ಟಿದ್ದಲ್ಲ, ಇಟಲಿಯ ಲಿಗೂರಿಯಾ ಕರಾವಳಿಯ ಕಡೆಯಿಂದ ಬಂದದ್ದು. ಮೆಡಿಟರೇನಿಯನ್ ದಡವಿಡೀ ಕಡಲೆಹಿಟ್ಟಿನ ಒಂದೊಂದು ತಿಂಡಿ ಇದೆ. ಜಿನೋವಾದಲ್ಲಿ ಫರಿನಾತಾ, ನೀಸ್ ಪಟ್ಟಣದಲ್ಲಿ ಸೊಕ್ಕಾ, ಸಿಸಿಲಿಯ ಪಲೆರ್ಮೋದಲ್ಲಿ ಪನೆಲ್ಲೆ, ಜಿಬ್ರಾಲ್ಟರಿನಲ್ಲಿ ಕಲೆಂತಿತಾ, ಅಲ್ಜೀರಿಯಾದಲ್ಲಿ ಕರಂತಿಕಾ. ದೋಣಿಯೂ ಕೂಲಿಯೂ ಹೋದಲ್ಲೆಲ್ಲ ಹಿಟ್ಟಿನ ಚೀಲವೂ ಹೋಯಿತು. ಕಡಲೆಯನ್ನು ಮನುಷ್ಯ ಮೊದಲು ಬೆಳೆಸಿದ್ದು ಇಂದಿನ ಟರ್ಕಿಯ ಆಗ್ನೇಯ ಭಾಗದಲ್ಲಿ, ಸುಮಾರು 10 ಸಾವಿರ ವರ್ಷಗಳ ಹಿಂದೆ. ಅಲ್ಲಿಂದ ಪಶ್ಚಿಮಕ್ಕೆ ಹೋದ ಕಾಳು ಪಾನಿಸ್ ಆಯಿತು, ಪೂರ್ವಕ್ಕೆ ಬಂದದ್ದು ನಮ್ಮ ಬಜ್ಜಿ, ಪೋಡಿ, ಮೈಸೂರು ಪಾಕ್ ಆಯಿತು.

ಹೆಂಚಿನ ಊರು

ಹಾಗಾದರೆ ಇಟಲಿಯವರು ಲೆಸ್ತಾಕಿಗೆ ಯಾಕೆ ಬಂದರು? ಉತ್ತರ ಆ ಕೆಂಪು ಮಾಡುಗಳಲ್ಲಿದೆ. ಲೆಸ್ತಾಕ್ ಮತ್ತು ಅದರ ಮಗ್ಗುಲಿನ ಸಾಂತಾನ್ರಿ, ಸಾಂತಾಂದ್ರೆ ಬಡಾವಣೆಗಳ ನೆಲದಲ್ಲಿ ಒಳ್ಳೆಯ ಆವೆಮಣ್ಣು ಇದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಬದಿಯಲ್ಲೇ ಬಂದರು. ಹಡಗಿಗೆ ತುಂಬಿದ ಹೆಂಚು ದೇಶದೇಶಗಳಿಗೆ ಹೋಯಿತು. ಜೇನ್ನೊಣ, ನಕ್ಷತ್ರ ಮುಂತಾದ ಗುರುತು ಒತ್ತಿದ ಈ ಹೆಂಚುಗಳು ಆಸ್ಟ್ರೇಲಿಯಾದ ತನಕ ತಲುಪಿದ್ದವು. ಅಲ್ಲಿ ಈಗಲೂ ಆ ಮಾದರಿಗೆ ಮಾರ್ಸೇಲ್ಸ್ ಹೆಂಚು ಎಂದೇ ಹೆಸರು.

ಈ ಹೆಂಚಿಗೂ ನಮ್ಮ ಮಾಡಿನ ಹೆಂಚಿಗೂ ನಂಟಿದೆ. ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುವ ಚಪ್ಪಟೆ ಹೆಂಚನ್ನು ರೂಪಿಸಿ 1841ರಲ್ಲಿ ಹಕ್ಕುಪತ್ರ ಪಡೆದವರು ಆಲ್ಸೇಸ್ ಪ್ರಾಂತ್ಯದ ಆಲ್ಟ್‌ಕಿರ್ಷ್ ಎಂಬ ಊರಿನ ಜಿಲಾರ್ದೋನಿ ಸಹೋದರರು. ಆ ಊರಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ 30 ಕಿಲೋಮೀಟರ್ ಮಾತ್ರ. ಬಾಸೆಲ್ ಎಂದ ಕೂಡಲೇ ನಮಗೆ ನೆನಪಾಗುವುದು ಬಾಸೆಲ್ ಮಿಶನ್. ಅದರ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ, ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದೇ ಬಗೆಯ ವಿದ್ಯೆ ದಕ್ಷಿಣಕ್ಕೆ ಹರಿದು ಮಾರ್ಸೇಲ್ಸ್ ಹೆಂಚಾಯಿತು, ಸಮುದ್ರ ದಾಟಿ ಮಂಗಳೂರು ಹೆಂಚಾಯಿತು. ಕಾಸರಗೋಡಿನ ಹಳೆಯ ಶಾಲೆಗಳ ಮಾಡೂ ಲೆಸ್ತಾಕಿನ ಮನೆಗಳ ಮಾಡೂ ದಾಯಾದಿಗಳು ಎಂದರೆ ತಪ್ಪಾಗದು.

ಕಾರ್ಖಾನೆಗೆ ಕೈಗಳು ಬೇಕಾದವು. ಉತ್ತರ ಇಟಲಿಯ ಪಿಯೆಮೊಂತೆ ಮತ್ತಿತರ ಕಡೆಗಳಿಂದ ಬಡ ಕುಟುಂಬಗಳು ಬಂದವು. ಮುಂದೆ ಸ್ಪೇನಿನವರು, ಅಲ್ಜೀರಿಯಾದ ಕಬೈಲ್ ಜನರು ಬಂದರು. 20ನೇ ಶತಮಾನದ ಆರಂಭಕ್ಕೆ ಮಾರ್ಸೇಲ್ಸಿನಲ್ಲಿ ಸುಮಾರು 90 ಸಾವಿರ ಇಟಾಲಿಯನ್ನರಿದ್ದರು. ಮಣ್ಣು ಅಗೆಯುವುದು, ಗೂಡಿಗೆ ಬೆಂಕಿ ಹಾಕುವುದು, ಹೆಂಚು ಹೊರುವುದು ಅವರ ಪಾಲಿನ ಕೆಲಸ. ಅಗ್ಗದ ಕೂಲಿಗೆ ದುಡಿಯುತ್ತಾರೆ ಎಂದು ಸ್ಥಳೀಯರಿಗೆ ಅವರ ಮೇಲೆ ಸಿಟ್ಟು. 1881ರ ಜೂನಿನಲ್ಲಿ ಮಾರ್ಸೇಲ್ಸಿನ ಬೀದಿಗಳಲ್ಲಿ ಇಟಾಲಿಯನ್ನರ ಮೇಲೆ ದೊಡ್ಡ ಹಲ್ಲೆಯಾಗಿ ಸಾವುಗಳೂ ಸಂಭವಿಸಿದವು. ಇಂದು ನೆಮ್ಮದಿಯಿಂದ ಮೆಲ್ಲುವ ಪಾನಿಸ್ ಅಂದಿನ ಆ ಕೂಲಿಗಳ ಹೊಟ್ಟೆ ತುಂಬಿಸಿದ ಆಹಾರ.

ಅವರ ಬೆವರಿನ ಇನ್ನೊಂದು ಗುರುತು ಊರಿನ ಪಕ್ಕದಲ್ಲೇ ಇದೆ. ಗುಡ್ಡದ ಒಳಗಿನಿಂದ ಹಡಗು ಸಾಗಲು ಕೊರೆದ ರೋವ್ ಸುರಂಗ. ಉದ್ದ 7 ಕಿಲೋಮೀಟರಿಗೂ ಹೆಚ್ಚು, ಅಗಲ 22 ಮೀಟರ್. 1911ರಲ್ಲಿ ಆರಂಭವಾದ ಕೆಲಸ ಮುಗಿದು 1927ರಲ್ಲಿ ಉದ್ಘಾಟನೆಯಾಯಿತು. ದುಡಿದವರಲ್ಲಿ ಹೆಚ್ಚಿನವರು ಇಟಲಿ, ಸ್ಪೇನಿನ ಕೂಲಿಗಳು. 1963ರಲ್ಲಿ ಒಂದು ಭಾಗ ಕುಸಿದು ಸಂಚಾರ ನಿಂತಿತು.

ಚಿತ್ರಗಾರರು ಕಂಡದ್ದು

ಲೆಸ್ತಾಕಿನ ಹೆಸರು ಕಲಾ ಚರಿತ್ರೆಯ ಪುಸ್ತಕಗಳಲ್ಲೂ ಬರುತ್ತದೆ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧವಾದಾಗ ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಂಡು ಚಿತ್ರಗಾರ ಪಾಲ್ ಸೆಜಾನ್ ಇಲ್ಲಿ ಬಂದು ಉಳಿದ. ಮುಂದೆಯೂ ಹಲವು ಸಲ ಬಂದ. ನೀಲಿ ಕಡಲಿನ ಮೇಲೆ ಕೆಂಪು ಮಾಡುಗಳು ಇಸ್ಪೀಟಿನ ಎಲೆಯ ಹಾಗೆ ಕಾಣುತ್ತವೆ ಎಂದು 1876ರಲ್ಲಿ ಗೆಳೆಯ ಪಿಸಾರೋನಿಗೆ ಕಾಗದ ಬರೆದ. 1882ರಲ್ಲಿ ರೆನ್ವಾರ್ ಬಂದ. 1906ರಿಂದ 1908ರ ನಡುವೆ ಜಾರ್ಜ್ ಬ್ರಾಕ್ ಬಂದು ಮನೆಗಳನ್ನು ಪೆಟ್ಟಿಗೆ ಜೋಡಿಸಿದ ಹಾಗೆ ಬರೆದ. ಅವನ್ನು ಕಂಡ ವಿಮರ್ಶಕ ವೋಸೆಲ್ 'ಘನ'ಗಳ ಮಾತೆತ್ತಿದ. ಕ್ಯೂಬಿಸಂ ಎಂಬ ಹೆಸರಿಗೆ ಅದೇ ಬೀಜ.

ಸೆಜಾನನ ಚಿತ್ರಗಳಲ್ಲಿ ಒಂದನ್ನು ನಾವು ತರಗತಿಯಲ್ಲಿ ತೋರಿಸುವಂತಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ, ಸುಮಾರು 1885ರ ಆ ಚಿತ್ರದಲ್ಲಿ ಕೊಲ್ಲಿ, ಗುಡ್ಡ, ಮನೆಗಳ ಜೊತೆಗೆ ಹೊಗೆಯುಗುಳುವ ಒಂದು ಚಿಮಣಿಯೂ ಇದೆ. ಚೆಂದದ ನೋಟದ ಒಳಗೆ ದುಡಿಮೆಯ ಹೊಗೆ. ಎಷ್ಟೋ ಜನ ಕಡಲನ್ನಷ್ಟೇ ನೋಡಿ ಚಿಮಣಿಯನ್ನು ಬಿಟ್ಟುಬಿಡುತ್ತಾರೆ.

20ನೇ ಶತಮಾನದ ಉತ್ತರಾರ್ಧದಲ್ಲಿ ಒಂದೊಂದಾಗಿ ಕಾರ್ಖಾನೆಗಳು ಮುಚ್ಚಿದವು. ಕೂಲಿಗಾರರ ಊರು ವಿಹಾರದ ಊರಾಯಿತು. ಅಲ್ಲಿಯೇ ಹುಟ್ಟಿದ, ಅರ್ಮೇನಿಯನ್ ಮೂಲದ ಬಂದರು ಕಾರ್ಮಿಕನ ಮಗ ರೋಬೆರ್ ಗೆದಿಗಿಯಾನ್ ಆ ಬದುಕನ್ನು ಚಲನಚಿತ್ರಗಳಲ್ಲಿ ಹಿಡಿದಿಟ್ಟರು. 1997ರ 'ಮಾರಿಯುಸ್ ಮತ್ತು ಜಾನೆತ್' ಅವುಗಳಲ್ಲಿ ಹೆಸರಾದದ್ದು. ಕಥೆ ನಡೆಯುವುದು ಮುಚ್ಚಿಹೋದ ಒಂದು ಸಿಮೆಂಟು ಕಾರ್ಖಾನೆಯ ಸುತ್ತಮುತ್ತ.

ತಿಂಡಿ ಉಳಿಯಿತು, ಮಾತು?

ಈಗ ನಮ್ಮನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇವೆ. ಲೆಸ್ತಾಕ್ ಎಂಬ ಹೆಸರು ಫ್ರೆಂಚ್ ಮೂಲದ್ದಲ್ಲ. ಆ ಸೀಮೆಯ ಪ್ರೊವೆನ್ಸಾಲ್ ಭಾಷೆಯಲ್ಲಿ 'ಎಸ್ತಾಕೋ' ಎಂದರೆ ಕಟ್ಟು, ದೋಣಿ ಬಿಗಿಯುವ ಹಗ್ಗ. ಶಿಶಿ ಫ್ರೇಜಿಯ 'ಫ್ರೇಜಿ', ಅಂದರೆ ಕರಿದದ್ದು, ಅದೇ ಭಾಷೆಯ ಮಾತು. ಪೆತಾಂಕ್ ಕೂಡ ಅದೇ ಭಾಷೆಯದು, ಕಾಲನ್ನು ನೆಲಕ್ಕೆ ಊರಿ ನಿಲ್ಲುವುದು ಎಂದು ಅರ್ಥ. ಊರಿನ ಹೆಸರಿನಲ್ಲಿ, ತಿಂಡಿಯಲ್ಲಿ, ಆಟದಲ್ಲಿ ಆ ಭಾಷೆ ಉಳಿದಿದೆ. ಮಕ್ಕಳ ಬಾಯಲ್ಲಿ ಇಲ್ಲ.

ಅದು ಸಣ್ಣ ಭಾಷೆಯೇನೂ ಆಗಿರಲಿಲ್ಲ. ಅದರ ಕವಿ ಫ್ರೆಡೆರಿಕ್ ಮಿಸ್ತ್ರಾಲನಿಗೆ 1904ರಲ್ಲಿ ನೊಬೆಲ್ ಬಹುಮಾನ ಬಂದಿತ್ತು. ಅಷ್ಟಾದರೂ ಭಾಷೆ ಕುಗ್ಗಿತು, ಯಾಕೆ? ಒಂದು ದೊಡ್ಡ ಕಾರಣ ಶಾಲೆ. 1881-82ರ ಕಾನೂನುಗಳಿಂದ ಫ್ರಾನ್ಸಿನಲ್ಲಿ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಬಡವರ ಮಕ್ಕಳು ಅಕ್ಷರ ಕಲಿತರು, ಅದು ದೊಡ್ಡ ಉಪಕಾರ. ಆದರೆ ಕಲಿಸಿದ್ದು ಫ್ರೆಂಚ್ ಒಂದರಲ್ಲೇ. ಮನೆಮಾತು ಆಡಿದ ಮಗುವಿಗೆ ಶಿಕ್ಷೆಯ ಗುರುತಾಗಿ ಒಂದು ವಸ್ತುವನ್ನು ಹಿಡಿಸಿ, ಇನ್ನೊಂದು ಮಗು ಹಾಗೆ ಆಡಿ ಸಿಕ್ಕಿಬೀಳುವ ತನಕ ಹೊರಿಸುವ ಕ್ರಮ ಎಷ್ಟೋ ಶಾಲೆಗಳಲ್ಲಿತ್ತು. ಪ್ರಾಂತೀಯ ಭಾಷೆಗಳನ್ನು ಶಾಲೆಯಲ್ಲಿ ಕಲಿಸಲು ಅನುಮತಿ ಸಿಕ್ಕಿದ್ದು 1951ರಲ್ಲಿ, ಅದೂ ಐಚ್ಛಿಕವಾಗಿ. ಅಷ್ಟು ಹೊತ್ತಿಗೆ ಎರಡು ಮೂರು ತಲೆಮಾರು ದಾಟಿತ್ತು. ಇಟಲಿಯಿಂದ ಬಂದವರ ಮಕ್ಕಳ ಮನೆಮಾತೂ ಅದೇ ದಾರಿ ಹಿಡಿಯಿತು. ಅಜ್ಜಿಯ ಪಾನಿಸ್ ಉಳಿಯಿತು, ಅಜ್ಜಿಯ ಮಾತು ಹೋಯಿತು.

ನಾವು ಗಡಿಯಾಚೆಯ ಕನ್ನಡ ಶಾಲೆಯವರು ಇದನ್ನು ಸುಮ್ಮನೆ ಓದಿ ಮಡಚಿಡುವಂತಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಂಜೇಶ್ವರದ ಗೋವಿಂದ ಪೈಗಳಂಥ ರಾಷ್ಟ್ರಕವಿ ನಮಗಿದ್ದಾರೆ. ಆದರೆ ನೊಬೆಲ್ ಪಡೆದ ಕವಿಯಿಂದಲೂ ಆಗದ ಕೆಲಸವೊಂದಿದೆ ಎಂದು ಲೆಸ್ತಾಕ್ ಹೇಳುತ್ತದೆ. ಅಡುಗೆ ಉಳಿಯಲು ಅಡುಗೆಮನೆ ಸಾಕು. ಭಾಷೆ ಬರಹವಾಗಿ, ಲೆಕ್ಕವಾಗಿ, ವಿಜ್ಞಾನವಾಗಿ ಉಳಿಯಲು ತರಗತಿ ಬೇಕು, ಅಲ್ಲಿ ಕೂರುವ ಮಕ್ಕಳು ಬೇಕು. ಮಲಯಾಳವನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ, ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಮಾತ್ರ ಪತ್ರೊಡೆಯ ಹೆಸರಿನಲ್ಲೂ ಮನೆತನದ ಹೆಸರಿನಲ್ಲೂ ಅಷ್ಟೇ ಉಳಿಯುವ ಹಾಗೆ ಆಗಬಾರದು.

ಅಧ್ಯಾಪಕ ಮಿತ್ರರಿಗೆ ಒಂದು ಸೂಚನೆ. ಶಾಲೆಯ ಹಿತ್ತಲಲ್ಲಿ ಹಳೆ ಹೆಂಚು ಬಿದ್ದಿದ್ದರೆ ಮಕ್ಕಳ ಕೈಯಲ್ಲಿ ತಿರುವಿ ಹಾಕಿಸಿ, ಒತ್ತಿದ ಅಕ್ಷರ ಓದಿಸಿ. ಬಾಸೆಲ್ ಮಿಶನ್ ಹೆಂಚಿನಲ್ಲಿ 1865 ಎಂದಿದ್ದರೆ ಅದು ಕಾರ್ಖಾನೆ ಆರಂಭವಾದ ವರ್ಷ, ಆ ಹೆಂಚಿನ ವಯಸ್ಸಲ್ಲ ಎಂದು ತಿಳಿಸಿ. ಕಾಮನ್‌ವೆಲ್ತ್ ಎಂದಿದ್ದರೆ ಅದು ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಕೈ ಬದಲಾದ ಮೇಲಿನದು. ಹಾಗೆಯೇ ಪ್ರತಿ ಮಗುವೂ ಮನೆಯ ಒಂದು ತಿಂಡಿಯ ಹೆಸರು, ಅದು ಯಾವ ಭಾಷೆಯ ಮಾತು, ಯಾರಿಂದ ಕಲಿತದ್ದು ಎಂದು ಅಜ್ಜಿಯನ್ನು ಕೇಳಿ ಬರೆದು ತರಲಿ. ಕನ್ನಡದಲ್ಲಿ ಬರೆದು ತರಲಿ.