ಹರಳಯ್ಯನನ್ನ ಯಾಕ ಯಾರೂ ದುರಂತ ನಾಯಕ ಅನ್ನಲ್ಲ?

ಪೋಸ್ಟ್ ಉದ್ದ ಐತಿ. ಪುರುಸೊತ್ತು ಇದ್ದಾಗ ಓದ್ರಿ, ಓದಿದ ಮ್ಯಾಲೆ ಜಗಳ ಆಡ್ರಿ.

ಸಿಂಧನೂರು, ಲಿಂಗಸುಗೂರು ಕಡೆ ಬಿ.ಎ. ಓದುವ ನಮ್ಮ ಹುಡುಗ್ರು ಪರೀಕ್ಷೆ ಹತ್ರ ಬಂದಾಗ ಒಂದೇ ಪ್ರಶ್ನೆ ಹಿಡ್ಕೊಂಡು ಬರ್ತಾರ: ‘ಜೂಲಿಯಸ್ ಸೀಸರ್’ ನಾಟಕದ ದುರಂತ ನಾಯಕ ಯಾರು, ಸೀಸರನೋ ಬ್ರೂಟಸನೋ? ಗೈಡಿನ್ಯಾಗ ಎರಡೂ ಕಡೆ ಉತ್ತರ ಇರ್ತದ. ಸೀಸರನಿಗೆ ಅಹಂಕಾರ, ಬ್ರೂಟಸನಿಗೆ ಆದರ್ಶದ ಕುರುಡು. ಗೆಳೆಯನೇ ಗೆಳೆಯನಿಗೆ ಚೂರಿ ಹಾಕಿದ, ರಾಜಕೀಯ ದ್ರೋಹ, ಹತ್ತು ಅಂಕ.

ಈ ನಿಯಮ ಅರಿಸ್ಟಾಟಲ್ ಕಾಲದಿಂದ ಬಂದದ್ದು. ದುರಂತ ನಾಯಕ ದೊಡ್ಡ ಹೆಸರಿನ, ದೊಡ್ಡ ಸ್ಥಾನದ ಮನುಷ್ಯ ಆಗಿರಬೇಕು. ಪೂರ್ತಿ ಒಳ್ಳೆಯವನೂ ಅಲ್ಲ, ಪೂರ್ತಿ ಕೆಟ್ಟವನೂ ಅಲ್ಲ. ತನ್ನದೇ ಒಂದು ತಪ್ಪಿನಿಂದ ಮೇಲಿನಿಂದ ಕೆಳಗೆ ಬೀಳಬೇಕು. ಆಗ ನೋಡುವವರಿಗೆ ಕರುಣೆ, ಭಯ ಎರಡೂ ಹುಟ್ತಾವ. ಮೇಲೆ ಇದ್ದವನು ಬಿದ್ದರೆ ಸಪ್ಪಳ ಆಗ್ತದ, ಸರಿ. ಮೊದಲಿನಿಂದ ನೆಲದ ಮೇಲೇ ಇದ್ದವನು ಸತ್ತರೆ?

ಅದೇ ಸೀಸರ್ ನಾಟಕದಾಗ ಸಿನ್ನಾ ಅಂತ ಒಬ್ಬ ಕವಿ ಬರ್ತಾನ. ಪಿತೂರಿ ಮಾಡಿದವರಲ್ಲೂ ಒಬ್ಬ ಸಿನ್ನಾ ಇದ್ದ, ಹೆಸರು ಒಂದೇ. ಸಿಟ್ಟಿಗೆದ್ದ ಗುಂಪು ಕವಿಯನ್ನ ಹಿಡೀತದ. ನಾನು ಅವನಲ್ಲ, ಕವಿ ಅಂತ ಹೇಳಿದರೂ ಬಿಡೋದಿಲ್ಲ. ದೊಡ್ಡವರ ಜಗಳಕ್ಕೆ ಬೀದಿಯಲ್ಲಿ ಸತ್ತ ಈ ಮನುಷ್ಯನ ಬಗ್ಗೆ ಯಾವ ಪರೀಕ್ಷೆಯಲ್ಲೂ ಹತ್ತು ಅಂಕದ ಪ್ರಶ್ನೆ ಬಂದದ್ದು ನಾನು ನೋಡಿಲ್ಲ.

ರೋಮ್ ಬಿಡ್ರಿ, ದೂರ ಆತು. ನಮ್ಮದೇ ಸೀಮೆಯ ನಾಟಕಕ್ಕೆ ಬರೋಣ. ಗಿರೀಶ ಕಾರ್ನಾಡರ ‘ತಲೆದಂಡ’, 1990. ಮಂಡಲ್ ವರದಿ, ಮಂದಿರ ಎರಡೂ ದೇಶದ ತಲೆ ಕೆಡಿಸ್ತಿದ್ದ ಹೊತ್ತಿನಲ್ಲಿ ಬರೆದದ್ದು. 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕತೆ ಕಲ್ಯಾಣದ್ದು. ಅದಕ್ಕಿಂತ ಮೊದಲು ಲಂಕೇಶ್ ‘ಸಂಕ್ರಾಂತಿ’ ಬರೆದರು, ಶಿವಪ್ರಕಾಶ್ ‘ಮಹಾಚೈತ್ರ’ ಬರೆದರು. ರಾಜಕೀಯ ಬಿಸಿ ಏರಿದಾಗೆಲ್ಲ ಕನ್ನಡ ನಾಟಕ ಕಲ್ಯಾಣಕ್ಕೇ ಹೋಗ್ತದ. 2019ರಲ್ಲಿ ನಮ್ಮ ಹೈದರಾಬಾದ್ ಕರ್ನಾಟಕಕ್ಕೂ ಸರ್ಕಾರ ಅದೇ ಹೆಸರು ಇಟ್ಟಿತು, ಕಲ್ಯಾಣ ಕರ್ನಾಟಕ. ಹೆಸರು ಇಟ್ಟವರು ಕಲ್ಯಾಣದಾಗ ಕೊನೆಗೆ ಏನಾತು ಅಂತ ನೆನಪು ಮಾಡಿಕೊಂಡಿದ್ದರೋ ಇಲ್ಲೋ.

ಆಗಿದ್ದು ಇಷ್ಟು. ಬಿಜ್ಜಳ ಕಳಚುರಿ ಮನೆತನದವನು, ಕಲ್ಯಾಣದ ಚಾಲುಕ್ಯರ ಮಾಂಡಲಿಕ. ದೊರೆ ಮೂರನೇ ತೈಲಪ ಸೋತು ಸೊರಗಿದಾಗ ಅಧಿಕಾರ ಕಸಿದುಕೊಂಡ. 1162ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನೇ ಹಾಕಿಕೊಂಡ. ಅವನ ಭಂಡಾರದ ಲೆಕ್ಕ ನೋಡಿದವನು ಬಸವಣ್ಣ. 1167ರ ಹೊತ್ತಿಗೆ ಪಟ್ಟ ಬಿಜ್ಜಳನ ಕೈ ತಪ್ಪಿ ಮಗ ಸೋವಿದೇವನ ಕೈಗೆ ಹೋತು. ನಡುವೆ ಒಂದು ಮದುವೆ: ಸಮಗಾರ ಹರಳಯ್ಯನ ಮಗ ಶೀಲವಂತ, ಬ್ರಾಹ್ಮಣ ಮಧುವರಸನ ಮಗಳು ಕಲಾವತಿ. ಆ ಕಾಲದ ಶಾಸನಗಳು ಈ ಮದುವೆಯ ಸುದ್ದಿ ಎತ್ತೋದಿಲ್ಲ, ಕತೆ ಬಂದದ್ದು ಆಮೇಲಿನ ಪುರಾಣಗಳಿಂದ, ಜನರ ಬಾಯಿಂದ. ಕಲ್ಲು ಕೆತ್ತಿಸುವವರು ಯಾರು, ಯಾರ ಮದುವೆ ಕಲ್ಲಿನ ಮೇಲೆ ಬರ್ತದ ಅನ್ನೋದು ನಮಗೆ ಗೊತ್ತಿರೋದೇ.

ವಿಮರ್ಶಕರು ತಲೆದಂಡದಾಗ ಇಬ್ಬರು ದುರಂತ ನಾಯಕರನ್ನ ಹುಡುಕ್ಯಾರ. ಬಸವಣ್ಣ ಒಬ್ಬ, ಬಿಜ್ಜಳ ಇನ್ನೊಬ್ಬ. ನನಗೆ ಬಿಜ್ಜಳ ಬಹಳ ಹಿಡಿಸ್ತಾನ, ಸುಳ್ಳು ಯಾಕ ಹೇಳ್ಲಿ. ಒರಟ, ಬಾಯಿ ಹೊಲಸು, ಆದರೆ ಒಳಗೊಂದು ಗಾಯ. ಅವನ ವಂಶಕ್ಕೆ ಕ್ಷೌರಿಕ ಮೂಲದ ಕತೆ ಅಂಟಿಕೊಂಡಿತ್ತು. ಬಂಗಾರ ಸುರಿದು ಕ್ಷತ್ರಿಯ ಅನ್ನಿಸಿಕೊಂಡರೂ ಅರಮನೆಯವರ ಕಣ್ಣಾಗ ಆ ಹಳೇ ಲೆಕ್ಕ ಹೋಗಿರಲಿಲ್ಲ. ಶರಣರು ಮಾತ್ರ ಅವನ ಹುಟ್ಟು ನೋಡದೆ ಮುಖ ನೋಡಿದರು. ಅದಕ್ಕೇ ಅವನು ಬಸವಣ್ಣನ ಪರ ನಿಂತ. ಕೊನೆಗೆ ಅವನನ್ನ ಕೆಡವಿದ್ದು ಯಾರು? ಸ್ವಂತ ಮಗ. ಜೊತೆಗೆ ದಾಮೋದರ ಭಟ್ಟ, ಮಂಚಣ ಕ್ರಮಿತ. ಮಗನನ್ನ ದಿನಾ ಹೀಯಾಳಿಸಿ ಸಣ್ಣವನನ್ನ ಮಾಡಿದ್ದೇ ಬಿಜ್ಜಳನ ತಪ್ಪು. ಆ ಸಣ್ಣತನವನ್ನೇ ಭಟ್ಟರು ಬಳಸಿಕೊಂಡರು. ಒಡೆಯನಿಗೆ ತಾನು ಮಾಡಿದ್ದು ಮಗನ ಕೈಯಿಂದ ತನಗೇ ಬಂತು. ಅರಿಸ್ಟಾಟಲ್ ಬಂದು ನೋಡಿದ್ದರೂ ತಲೆ ತೂಗ್ತಿದ್ದ.

ದ್ರೋಹ ಅಂದರೆ ಏನು ಅಂತ ಮಸ್ಕಿ ಮಂದಿಗೆ ಪಾಠ ಬ್ಯಾಡ. 2021ರ ಉಪಚುನಾವಣೆಯಾಗ ಮುಖ್ಯ ಹುರಿಯಾಳು ಇಬ್ಬರೂ ಪಕ್ಷ ಬದಲಿಸಿದವರೇ. 2018ರಾಗ ಆ ಕಡೆ ಇದ್ದವನು ಈ ಕಡೆ, ಈ ಕಡೆ ಇದ್ದವನು ಆ ಕಡೆ. ಜನ ಬಿಸಿಲಾಗ ನಿಂತು ಮತ್ತೆ ಓಟು ಹಾಕಿ ಬಂದರು. ಇಂಥ ದ್ರೋಹಕ್ಕೆ ಲೆಕ್ಕ ಐತಿ, ಎಣಿಸಬಹುದು, ಮುಂದಿನ ಸಲ ಸೋಲಿಸಬಹುದು. ನಾನು ಹೇಳಬೇಕಂದ ದ್ರೋಹ ಬ್ಯಾರೆ.

ನಾಟಕದಾಗ ಈ ಮದುವೆಯ ಮಾತು ಬಸವಣ್ಣನ ಮುಂದೆ ಬಂದಾಗ ಅವನು ಮೊದಲು ಕುಣಿದಾಡೋದಿಲ್ಲ. ಹಿಂಜರೀತಾನ. ಇಷ್ಟು ದೊಡ್ಡ ಹೆಜ್ಜೆಗೆ ನಾವಿನ್ನೂ ತಯಾರಾಗಿಲ್ಲ ಅನ್ನೋದು ಅವನ ಅಂಜಿಕೆ. ಜಾತಿ ಇಲ್ಲ ಅಂತ ಇಷ್ಟು ದಿನ ಹೇಳಿದ ಮನುಷ್ಯ, ಜಾತಿ ಮುರಿಯೋ ಕೆಲಸ ಮನೆ ಬಾಗಿಲಿಗೆ ಬಂದಾಗ ತಡೆದು ನಿಂತ. ಸುತ್ತಲಿನ ಶರಣರು ಜೈಕಾರ ಹಾಕ್ತಾರ. ಅವರಿಗೆ ಅದು ಹಬ್ಬ. ಬಸವಣ್ಣನಿಗೆ ಮುಂದಿನ ರಕ್ತ ಕಾಣಸ್ತದ. ಆಮೇಲೆ ಒಪ್ಪತಾನ, ಯಾಕಂದರೆ ಒಪ್ಪದಿದ್ದರೆ ಆಡಿದ ಮಾತೆಲ್ಲ ಸುಳ್ಳಾಗ್ತಾವ.

ಬಸವಣ್ಣನನ್ನ ಸಣ್ಣವನು ಮಾಡಾಕ ಇದನ್ನ ಬರೀತಿಲ್ಲ. ಕಮೆಂಟಿನಾಗ ಬಂದು ಬೈಯೋ ಅಣ್ಣಂದಿರು ಇಲ್ಲೇ ಒಂದು ನಿಮಿಷ ನಿಲ್ರಿ. ಅಂಬೇಡ್ಕರ್ 1936ರ ‘ಜಾತಿ ವಿನಾಶ’ ಭಾಷಣದಲ್ಲಿ ಸಹಪಂಕ್ತಿ ಭೋಜನದಿಂದ ಜಾತಿ ಹೋಗೋದಿಲ್ಲ, ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂದರು. ಗಾಂಧೀಜಿಗೆ ಕೊಟ್ಟ ಉತ್ತರದಲ್ಲಿ ಇನ್ನೊಂದು ಮಾತು ಹೇಳ್ಯಾರ: ಸಂತರು ದೇವರ ಮುಂದೆ ಎಲ್ಲರೂ ಸಮಾನ ಅಂದರು, ಆದರೆ ಮನುಷ್ಯ ಮನುಷ್ಯರ ನಡುವಿನ ಜಗಳಕ್ಕೆ ಇಳಿಯಲಿಲ್ಲ ಅಂತ. ಬಾಬಾಸಾಹೇಬರ ಆ ಟೀಕೆಗೆ ಹನ್ನೆರಡನೇ ಶತಮಾನದಿಂದ ಎದ್ದು ನಿಂತು ಉತ್ತರ ಕೊಡಬಲ್ಲವರು ಯಾರು ಅಂತ ಕೇಳಿದರೆ, ನನಗೆ ಹರಳಯ್ಯ-ಮಧುವರಸ ಕಾಣ್ತಾರ. ದೇವರ ಮುಂದೆ ಅಲ್ಲ, ಮನೆಯ ಅಡಿಗೆ ಒಲೆಯ ಮುಂದೆ ಸಮಾನ ಆಗೋಣ ಅಂದವರು ಇವರು. ಅದರ ಬೆಲೆ ಕೊಟ್ಟವರೂ ಇವರೇ. ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಎಳೆಹೂಟೆ ಅಂತ ಆ ಶಿಕ್ಷೆಗೊಂದು ಹೆಸರು ಬ್ಯಾರೆ.

ಈಗ ಲೆಕ್ಕ ಹಾಕ್ರಿ. ಬಸವಣ್ಣನ ತಪ್ಪು, ಬಿಜ್ಜಳನ ತಪ್ಪು ಅಂತ ವಿಮರ್ಶಕರು ಪುಟ ತುಂಬಿಸ್ಯಾರ. ಹರಳಯ್ಯನ ತಪ್ಪು ಏನು? ಎಷ್ಟು ಹುಡುಕಿದರೂ ಸಿಗೋದಿಲ್ಲ. ಶರಣರು ಹೇಳಿದ ಮಾತನ್ನ ಅವನು ನಂಬಿದ. ಅಷ್ಟೇ. ತಪ್ಪಿಲ್ಲದವನಿಗೆ ದುರಂತ ನಾಯಕನ ಪಟ್ಟ ಇಲ್ಲ, ಎತ್ತರ ಇಲ್ಲದವನಿಗೂ ಇಲ್ಲ. ಹಂಗಾಗಿ ಅವನು ‘ಬಲಿ’. ಬಲಿಯಾದವನ ಬಗ್ಗೆ ಮರುಗಬಹುದು, ಅವನ ಮನಸ್ಸಿನಾಗ ಏನಿತ್ತು ಅಂತ ಯಾರೂ ಕೇಳೋದಿಲ್ಲ.

ಕಾರ್ನಾಡರು ಸ್ವಲ್ಪ ಕೇಳ್ಯಾರ, ಅದಕ್ಕೆ ಅವರಿಗೆ ಶರಣು. ನಾಟಕದಾಗ ಇಬ್ಬರು ತಾಯಂದಿರು ಬರ್ತಾರ. ಲಲಿತಾಗೆ ಚರ್ಮದ ವಾಸನೆಯ ಹೇಸಿಗೆ, ಮಗಳು ಸತ್ತ ದನದ ನಡುವೆ ಹೆಂಗ ಬದುಕ್ತಾಳ ಅನ್ನೋ ಸಂಕಟ. ಶರಣೆ ಆದಮೇಲೂ ಮೂಗು ಮಾತ್ರ ಹಳೇ ಅಗ್ರಹಾರದ್ದೇ. ಹರಳಯ್ಯನ ಹೆಂಡತಿ ಕಲ್ಯಾಣಿಗೆ ಮಗನ ಜೀವದ ಚಿಂತೆ. ಒಬ್ಬಾಕಿಗೆ ವಾಸನೆಯ ಭಯ, ಒಬ್ಬಾಕಿಗೆ ಸಾವಿನ ಭಯ. ಒಂದೇ ಮದುವೆ, ಎರಡು ಮನೆಗೆ ಎರಡು ತೂಕ. ಮದುಮಕ್ಕಳಿಗೆ ನಾಟಕದಾಗ ಮಾತು ಬಹಳ ಕಡಿಮೆ. ಅದೂ ಯೋಚನೆ ಮಾಡಬೇಕಾದ್ದೇ.

ಹರಳಯ್ಯನ ಬಗ್ಗೆ ಎಲ್ಲರಿಗೂ ಗೊತ್ತಿರೋದು ಚಪ್ಪಲಿ ಕತೆ. ಅವನು ಶರಣು ಅಂದ, ಬಸವಣ್ಣ ಶರಣು ಶರಣಾರ್ಥಿ ಅಂದ. ಒಂದು ಶರಣು ಹೆಚ್ಚಾತು, ಋಣ ಆತು ಅಂತ ಗಂಡ-ಹೆಂಡತಿ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿಕೊಟ್ಟರು. ವೇದಿಕೆ ಮೇಲೆ ಈ ಕತೆ ಹೇಳಿದಾಗೆಲ್ಲ ಮಂದಿ ಕಣ್ಣೀರು ಹಾಕ್ತಾರ. ನನಗೆ ಸಿಟ್ಟು ಬರ್ತದ. ಒಂದು ನಮಸ್ಕಾರಕ್ಕೆ ಮೈಯ ಚರ್ಮ ಕೊಡಬೇಕಾದಷ್ಟು ನಮ್ಮವರಿಗೆ ಮರ್ಯಾದೆಯ ಬರಗಾಲ ಇತ್ತು ಅಂತ ಈ ಕತೆ ಹೇಳ್ತದ. ಅದನ್ನ ಭಕ್ತಿ ಅಂತ ಮಾರೋದು ಬ್ಯಾಡ. ಮದುವೆಯ ಹರಳಯ್ಯನನ್ನ ಚಪ್ಪಲಿಯ ಹರಳಯ್ಯ ನುಂಗಿಬಿಟ್ಟಾನ. ಚರ್ಮ ಕೊಟ್ಟವನು ಎಲ್ಲರಿಗೂ ಬೇಕು, ಸೊಸೆ ತಂದವನು ಬ್ಯಾಡ.

ಕಲ್ಯಾಣಕ್ಕೆ ನಡೆದು ಹೋದವರಲ್ಲಿ ನಮ್ಮ ಲಿಂಗಸುಗೂರು ತಾಲ್ಲೂಕಿನವರೂ ಅದಾರ. ಗುರುಗುಂಟಾ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ. ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡ್ತಿದ್ದ ದಂಪತಿ. ಒಂದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಗದರಿಸಿ ಹೊರಳಿ ಸುರಿದು ಬಾ ಅಂದಳು. ಯಾರ ಅಂಗಳದ ಅಕ್ಕಿ? ಬಸವಣ್ಣನದ್ದೇ. ಹರಳಯ್ಯ ಹೆಚ್ಚಾದ ಶರಣಿಗೆ ಚರ್ಮ ಕೊಟ್ಟ, ಲಕ್ಕಮ್ಮ ಹೆಚ್ಚಾದದ್ದನ್ನ ವಾಪಸ್ ಕೊಟ್ಟು ಕೈ ಝಾಡಿಸಿದಳು. ನಮ್ಮ ಹೆಣ್ಣುಮಕ್ಕಳಿಗೆ ನಾನು ಯಾವ ಕತೆ ಹೇಳಲಿ? ಲಕ್ಕಮ್ಮಂದೇ.

ಇನ್ನು ಮಸ್ಕಿ. ಅಲ್ಲಿನ ಗುಡ್ಡದ ಅಶೋಕನ ಶಾಸನವನ್ನ 1915ರಾಗ ಚಿನ್ನದ ಗಣಿ ಹುಡುಕ್ತಿದ್ದ ಬೀಡನ್ ಅನ್ನೋ ಇಂಜಿನಿಯರ್ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಜಗತ್ತಿಗೆ ಸಾಕ್ಷಿ ಸಿಕ್ಕಿದ್ದು ಅಲ್ಲೇ ಅಂತ ಎಲ್ಲಾ ಬೋರ್ಡಿನಲ್ಲೂ ಬರೆದಾರ. ಅದೇ ಕಲ್ಲಿನಾಗ ಇನ್ನೊಂದು ಮಾತು ಐತಿ, ಅದನ್ನ ಯಾರೂ ಎತ್ತಿ ಹೇಳೋದಿಲ್ಲ. ಧರ್ಮದ ಈ ಎತ್ತರ ದೊಡ್ಡವರಿಗೆ ಮಾತ್ರ ಸಿಗೋದು ಅಂತ ತಿಳೀಬ್ಯಾಡ್ರಿ, ಸಣ್ಣ ಮನುಷ್ಯನಿಗೂ ಸಾಧ್ಯ, ಇದನ್ನ ಸಣ್ಣವರಿಗೂ ದೊಡ್ಡವರಿಗೂ ಹೇಳ್ರಿ ಅನ್ನೋ ಅರ್ಥದ ಮಾತು. ಅರಿಸ್ಟಾಟಲ್ ಸತ್ತು ನೂರು ವರ್ಷದೊಳಗೆ ನಮ್ಮ ಮಸ್ಕಿ ಕಲ್ಲಿನ ಮೇಲೆ ಬಿದ್ದ ಅಕ್ಷರ ಅದು. ದುರಂತ ನಾಯಕನ ನಿಯಮ ಓದೋ ಹುಡುಗ್ರು ಒಂದ್ಸಲ ಗುಡ್ಡ ಹತ್ತಿ ಅದನ್ನೂ ನೋಡಿ ಬರಲಿ.

ನಾಟಕದಾಗ ಇನ್ನೊಬ್ಬ ಅದಾನ, ಜಗದೇವ. ಬ್ರಾಹ್ಮಣ ಹುಡುಗ, ಶರಣನಾದವನು. ಮೊದಲ ದೃಶ್ಯದಾಗ ಒಳಗೆ ಅಪ್ಪ ಸಾಯ್ತಾ ಇದ್ದಾನ, ಇವನು ಬೀದಿಯಲ್ಲಿ ನಿಂತು ಚರ್ಮಗಾರನ ಮಗ ಮಲ್ಲಿಬೊಮ್ಮನನ್ನ ಮನೆಯೊಳಗೆ ಬಾ ಬಾ ಅಂತ ಜಗ್ಗತಾನ. ಮಲ್ಲಿಬೊಮ್ಮ ಬ್ಯಾಡ ಅಂತಾನ. ಆ ಹಠದಾಗ ಮಲ್ಲಿಬೊಮ್ಮನ ಮ್ಯಾಲಿನ ಪ್ರೀತಿ ಎಷ್ಟು, ತನ್ನ ಕ್ರಾಂತಿ ತಾನೇ ನೋಡಿ ಖುಷಿಪಡೋ ಚಟ ಎಷ್ಟು? ಕೊನೆಗೆ ಇದೇ ಜಗದೇವ ಬಿಜ್ಜಳನನ್ನ ಕೊಲ್ಲತಾನ. ಪಟ್ಟ ಕಳಕೊಂಡು ಬಂದಿಯಾಗಿದ್ದ, ಶರಣರ ಪರ ಇದ್ದ ಮುದುಕನನ್ನ. ಸೋವಿದೇವನಿಗೆ ಬೇಕಾಗಿದ್ದೂ ಅದೇ ನೆಪ. ಮರುಗಳಿಗೆಗೆ ಶರಣರ ಬೇಟೆ ಶುರು. ಸೋವಿದೇವನ ದ್ರೋಹ ಕಣ್ಣಿಗೆ ಕಾಣಸ್ತದ, ಜಗದೇವನದು ಕಾಣಸೋದಿಲ್ಲ, ಯಾಕಂದರೆ ಅವನು ನಮ್ಮ ಘೋಷಣೆ ಕೂಗ್ತಾನ. ಚಳವಳಿಯಲ್ಲಿ ಇಷ್ಟು ವರ್ಷ ಇದ್ದವರು ಒಬ್ಬಿಬ್ಬರು ಜಗದೇವರನ್ನ ನೋಡೇ ಇರ್ತೀರಿ. ಹೆಸರು ಬ್ಯಾಡ.

ಇದೆಲ್ಲ ಹಳೇ ಕತೆ ಅಂದುಕೊಳ್ಳೋರಿಗೆ: 2020ರ ಜುಲೈನಾಗ ಸಿಂಧನೂರಿನ ಸುಕಾಲಪೇಟೆಯಲ್ಲಿ ಒಂದು ಪ್ರೇಮ ಮದುವೆಯ ದ್ವೇಷಕ್ಕೆ ಹುಡುಗನ ಮನೆ ಮಂದಿಯನ್ನ ಹಗಲಲ್ಲೇ ಕೊಚ್ಚಿ ಕೊಂದರು. ಕಲ್ಯಾಣದಾಗ ಆದಂಗೇ, ಮದುವೆ ಆದವರಿಗಿಂತ ಮೊದಲು ಸತ್ತವರು ಮನೆಯ ಹಿರಿಯರು.

ಅದಕ್ಕೇ ನಮ್ಮ ಕಡೆ ಶೀಲವಂತ-ಕಲಾವತಿ ಯಾರಾದರೂ ಸಹಾಯ ಕೇಳಿ ಬಂದರೆ ಏನು ಮಾಡಬೇಕು ಅನ್ನೋದನ್ನ ಈಗಲೇ ಮಾತಾಡಿಕೊಳ್ಳೋಣ. ಹಾರ, ಫೋಟೋ, ಲೈವ್ ಬ್ಯಾಡ. ಅದು ಜಗದೇವನ ಕೆಲಸ. ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ತೀರ್ಪಿನಲ್ಲಿ ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ, ಬೇಕಾದಲ್ಲಿ ಸುರಕ್ಷಿತ ವಸತಿ ಇರಬೇಕು ಅಂದೈತಿ. ನಮ್ಮ ಜಿಲ್ಲೆಯಲ್ಲಿ ಅದು ಎಲ್ಲೈತಿ, ಯಾರ ಉಸ್ತುವಾರಿ, ರಾತ್ರಿ ಹನ್ನೆರಡಕ್ಕೆ ಫೋನ್ ಎತ್ತೋರು ಯಾರು ಅಂತ ಲಿಖಿತವಾಗಿ ಕೇಳೋಣ. ಅರ್ಜಿ ನಾನು ಬರೀತೀನಿ, ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿನಿಂದ ಸಹಿ ಬೇಕು. ಬರೀ ಹುಡುಗ-ಹುಡುಗಿಗೆ ಅಲ್ಲ, ಎರಡೂ ಮನೆಯ ಹಿರಿಯರಿಗೂ ರಕ್ಷಣೆ ಅಂತ ಅದರಾಗ ಸೇರಿಸೋಣ.

ಇನ್ನೊಂದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗೋರ ನೋಟಿಸು ಕಚೇರಿಯ ಗೋಡೆಗೆ ಬೀಳ್ತದ, 30 ದಿನ ಕಾಯಬೇಕು. ಹೆಸರು, ವಿಳಾಸ ಎಲ್ಲ ಅದರಾಗ ಇರ್ತದ. ಆ ಮೂವತ್ತು ದಿನ ಆ ಬೋರ್ಡಿನ ಮುಂದೆ ಯಾರು ಬಂದು ಫೋಟೋ ಹೊಡಕೊಂಡು ಹೋಗ್ತಾರ ಅಂತ ನೋಡಾಕ ಸರದಿ ಮೇಲೆ ಕೂಡೋರು ಬೇಕು. ಬರೋರು ಇನ್‌ಬಾಕ್ಸಿಗೆ ಬರ್ರಿ, ಕಮೆಂಟಿನಾಗ ಹೆಸರು ಬರೀಬ್ಯಾಡ್ರಿ.