ಹೊತ್ತಲ್ಲದ ಹೊತ್ತಿಗೆ ಬರುವ ಹೊಳೆ

ನಾಗರಿಕತೆಗಳು ನದಿ ದಂಡೆ ಮೇಲೆ ಹುಟ್ಟಿದವು ಅಂತ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ರು. ನದಿ ಇದ್ದರೆ ಸಾಕು, ಬೆಳೆ ತಾನಾಗಿ ಬರುತ್ತೆ ಅಂತ ನಾನೂ ಬಹಳ ದಿನ ನಂಬಿದ್ದೆ. ಸುಮೇರ್, ಅಂದ್ರೆ ಇಂದಿನ ದಕ್ಷಿಣ ಇರಾಕ್ ಬಗ್ಗೆ ಓದಿದ ಮೇಲೆ ಆ ನಂಬಿಕೆ ಹೋಯ್ತು.

ಅಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಆಗಲ್ಲ. ಯೂಫ್ರೆಟಿಸ್, ಟೈಗ್ರಿಸ್ ನೀರೇ ಗತಿ. ಆದರೆ ಟರ್ಕಿಯ ಬೆಟ್ಟಗಳಲ್ಲಿ ಹಿಮ ಕರಗಿ ಪ್ರವಾಹ ಬರುತ್ತಿದ್ದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಬಾರ್ಲಿ ಕೊಯ್ಲಿಗೆ ನಿಂತಿರುವ ಹೊತ್ತು! ಬಿತ್ತನೆಗೆ ನೀರು ಬೇಕಾದ ಅಕ್ಟೋಬರಿನಲ್ಲಿ ನದಿ ಸೊರಗಿರುತ್ತಿತ್ತು. ಈಜಿಪ್ಟಿನ ನೈಲ್ ಹಾಗಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಉಕ್ಕಿ, ಬಿತ್ತುವ ಹೊತ್ತಿಗೆ ಇಳಿದುಬಿಡುತ್ತಿತ್ತು. ಸುಮೇರಿನ ರೈತನಿಗೆ ನೀರು ತರೋದು ಅರ್ಧ ಕೆಲಸ, ತಡೆಯೋದು ಇನ್ನರ್ಧ.

ಹೂಳು ತುಂಬಿ ತುಂಬಿ ಯೂಫ್ರೆಟಿಸ್ ಸುತ್ತಲಿನ ಬಯಲಿಗಿಂತ ಎತ್ತರದಲ್ಲಿ ಹರಿಯುತ್ತಿತ್ತು. ದಂಡೆ ಕಡಿದರೆ ನೀರು ಸಲೀಸಾಗಿ ಹೊಲಕ್ಕೆ ಇಳಿಯುತ್ತೆ, ಅನುಕೂಲವೇ. ತಾನಾಗಿ ಒಡೆದರೆ? ಮುಂದೆ ಅದೇ ಬಯಲನ್ನು ಆಳಿದ ಬ್ಯಾಬಿಲೋನಿನ ಹಮ್ಮುರಾಬಿ, ಸುಮಾರು ಕ್ರಿ.ಪೂ. 1750ರ ತನ್ನ ಕಾನೂನಿನಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಸೋಮಾರಿತನದಿಂದ ಏರಿ ಭದ್ರ ಮಾಡದೆ, ಅದು ಒಡೆದು ನೀರು ನುಗ್ಗಿದರೆ, ಹಾಳಾದ ಧಾನ್ಯವನ್ನು ಆ ರೈತನೇ ತುಂಬಿಕೊಡಬೇಕು. ಆಗದಿದ್ದರೆ ಅವನನ್ನೂ ಅವನ ಆಸ್ತಿಯನ್ನೂ ಮಾರಿ, ಬಂದ ಬೆಳ್ಳಿಯನ್ನು ಬೆಳೆ ಕಳೆದುಕೊಂಡವರು ಹಂಚಿಕೊಳ್ಳಬೇಕು. ಏರಿ ರಿಪೇರಿ ಮಾಡದ ತಪ್ಪಿಗೆ ಮನುಷ್ಯನೇ ಮಾರಾಟ! ಅಲ್ಲಿನ ಅರಮನೆ, ಗೋಪುರಗಳಿಗಿಂತ ಈ ಎರಡು ಕಲಮುಗಳೇ ಆ ನಾಡಿನ ಬಗ್ಗೆ ನನಗೆ ಹೆಚ್ಚು ಹೇಳಿದವು.

ಇನ್ನೊಂದು ಕಾಟ ಸದ್ದಿಲ್ಲದೆ ಬಂತು, ಉಪ್ಪಿನದು. ಸಮತಟ್ಟು ನೆಲ, ನೀರು ಬಸಿದು ಹೋಗಲು ದಾರಿ ಕಡಿಮೆ. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಮೇಲೆ ಉಳಿಯುತ್ತೆ. ತುಂಗಭದ್ರಾ ಅಚ್ಚುಕಟ್ಟಿನ ಕೇಳುಗರಿಗೆ ಇದನ್ನು ವಿವರಿಸಬೇಕಿಲ್ಲ, ಸವಳು-ಜವಳು ನಿಮಗೆ ಗೊತ್ತಿರೋದೇ. ಗೋಧಿ ಬಿಟ್ಟು, ಉಪ್ಪು ತಾಳುವ ಬಾರ್ಲಿಗೆ ರೈತರು ವಾಲಿದ್ದು ಇದರಿಂದಲೇ, ಸುಮೇರಿನ ಪತನದಲ್ಲೂ ಇದರ ಪಾಲು ದೊಡ್ಡದು ಅಂತ 1958ರಲ್ಲಿ ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು ವಾದಿಸಿದರು. ಎಲ್ಲರೂ ಒಪ್ಪಿಲ್ಲ. ನನಗೂ ಅದು ಪೂರ್ತಿ ಕಥೆ ಅನ್ನಿಸಲ್ಲ, ಯಾಕಂದ್ರೆ ರೈತರು ಕೈಕಟ್ಟಿ ಕೂತಿರಲಿಲ್ಲ. ವರ್ಷ ಬಿಟ್ಟು ವರ್ಷ ಹೊಲವನ್ನು ಬೀಳು ಬಿಡುತ್ತಿದ್ದರು. ಆ ಬೀಳಿನಲ್ಲಿ ಆಳಕ್ಕೆ ಬೇರು ಬಿಡುವ ಮುಳ್ಳುಕಳೆ ಬೆಳೆದು ತೇವ ಹೀರಿಕೊಳ್ಳುತ್ತೆ, ಅಂತರ್ಜಲ ಕೆಳಗಿಳಿಯುತ್ತೆ. ಮರುವರ್ಷ ನೀರು ಹಾಯಿಸಿದಾಗ ಮೇಲಿನ ಉಪ್ಪು ತೊಳೆದು ಒಳಗೆ ಇಳಿಯುತ್ತೆ, ಬಾರ್ಲಿ ಬಿತ್ತಬಹುದು.